ಟೀ ಕಂಪನಿಯಲ್ಲಿ ಲೀಲಳ ಒಂದು ವರ್ಷ

ಕೇರಳದ ವಯನಾಡಿನಲ್ಲಿ, ಚೇಕಾಡಿಯ ಕಾಡಂಚಿನಲ್ಲಿರುವ ಕಾಟುನಾಯ್ಕ ಆದಿವಾಸಿಗಳ ಕಾಲೊನಿಯಿಂದ ಐಟಿಐ ಮುಗಿಸಿದ ಮೊದಲ ಹುಡುಗಿ ಲೀಲ. ಅಪ್ಪ ಕೇತನ್ ಜೇನು ಬಿಡಿಸಲು ಕಾಡಿಗೆ ಹೋಗುತ್ತಿದ್ದ, ಜೇನಿಲ್ಲದ ಕಾಲದಲ್ಲಿ ಗದ್ದೆ ಕೂಲಿಗೆ. ತಾಯಿ ಇವಳು ಚಿಕ್ಕವಳಿದ್ದಾಗಲೇ ಜ್ವರ ಬಂದು ತೀರಿಹೋಗಿದ್ದಳು. ಅಣ್ಣ ಮಾರನ್ ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವನು. ಲೀಲ ಮಾತ್ರ ಹಾಸ್ಟೆಲಿನಲ್ಲಿ ಉಳಿದು ಓದಿ, ಕಂಪ್ಯೂಟರ್ ಕೋರ್ಸ್ ಪಾಸು ಮಾಡಿದಳು. ಎರಡು ಸಾವಿರದ ಎರಡರ ಮಳೆಗಾಲದಲ್ಲಿ, ಕಲ್ಪೆಟ್ಟದಿಂದ ಸ್ವಲ್ಪ ದೂರದಲ್ಲಿದ್ದ ದೊಡ್ಡ ಟೀ ಕಂಪನಿಯ ಕಚೇರಿಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ಆಗಿ ಸೇರಿಕೊಂಡಳು.

ಇರಲು ಕಲ್ಪೆಟ್ಟದ ಭಾಗ್ಯಮ್ಮನ ಮನೆಯ ಹಿಂದಿನ ಕೋಣೆ ಸಿಕ್ಕಿತು. ಭಾಗ್ಯಮ್ಮ ಗುಂಡ್ಲುಪೇಟೆ ಕಡೆಯವಳು. ತರಕಾರಿ ಲಾರಿಯ ಜೊತೆ ಬಂದು ಇಲ್ಲೇ ನೆಲೆಯೂರಿದ ಗಂಡ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಬಾಳೆಹಣ್ಣಿನ ಅಂಗಡಿ ನಡೆಸುತ್ತಿದ್ದಳು. ಲೀಲಳ ಮನೆಮಾತು ಕೇಳಿ ಮೊದಲ ದಿನವೇ ಅವಳಿಗೆ ಹಿಗ್ಗಾಯಿತು.

"ನೀನ್ ಆಡೋದು ನಮ್ ಕನ್ನಡವೇ ಕನಾ ಮೊಗ. ಸ್ವಲ್ಪ ಕಾಡ್ ವಾಸ್ನೆ ಹೊಡೀತದೆ, ಅಷ್ಟೆ."

ಕಂಪನಿಯ ಕಂಪ್ಯೂಟರ್ ಕೋಣೆ ಎಂದರೆ ಕಿಟಕಿಗಳನ್ನೆಲ್ಲ ಮುಚ್ಚಿ ಎಸಿ ಹಾಕಿದ ಒಂದು ಹಜಾರ. ಚಪ್ಪಲಿ ಹೊರಗೆ ಬಿಡಬೇಕು. ಹೊರಗೆ ಮಳೆ, ಒಳಗೆ ಅದಕ್ಕಿಂತ ಹೆಚ್ಚಿನ ಚಳಿ. ಲೀಲ ಹೆಗಲಿಗೆ ಭಾಗ್ಯಮ್ಮನ ಹಳೆಯ ಶಾಲು ಹೊದ್ದು ಕೂರುತ್ತಿದ್ದಳು. ವಿಭಾಗದ ಹೊಣೆ ಅಚ್ಯುತನ್ ಅವರದು. ಟೈಪಿಸ್ಟಾಗಿ ಸೇರಿ, ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು, ನಿವೃತ್ತಿಯ ಹತ್ತಿರಕ್ಕೆ ಬಂದಿದ್ದ ಮನುಷ್ಯ. ಮೊದಲ ಕೆಲವು ವಾರ ಅವರು ಅವಳಿಗೆ ಕೀಬೋರ್ಡ್ ಕೊಡಲಿಲ್ಲ. ಪ್ರಿಂಟರಿನ ರಿಬ್ಬನ್ ಬದಲಿಸುವುದು, ಉದ್ದನೆಯ ಕಾಗದದ ಅಂಚು ಹರಿದು ಮಡಿಸುವುದು, ಸಂಜೆ ಫ್ಲಾಪಿಗಳಿಗೆ ಚೀಟಿ ಅಂಟಿಸುವುದು. ಆಮೇಲೆ ಒಂದು ದಿನ ತಮ್ಮ ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡರು.

"ಬರೆದದ್ದನ್ನು ಆಗಾಗ ಸೇವ್ ಮಾಡುತ್ತಿರು. ಈ ಬೆಟ್ಟದಲ್ಲಿ ಕರೆಂಟನ್ನು ನಂಬಬೇಡ" ಎಂದರು ಮಲಯಾಳದಲ್ಲಿ.

ಎಸ್ಟೇಟುಗಳಿಂದ ಬರುವ ಎಲೆಯ ತೂಕ, ಕೂಲಿಯವರ ಹಾಜರಿ, ಇವುಗಳನ್ನು ತುಂಬುವುದು ಅವಳ ಕೆಲಸವಾಯಿತು. ಕೂಲಿಯವರಿಗಾಗಿ ನೋಟೀಸ್ ಬೋರ್ಡಿಗೆ ಹಾಕುವ ಮಲಯಾಳ ಪ್ರಕಟಣೆಗಳನ್ನೂ ಅವಳೇ ಟೈಪ್ ಮಾಡತೊಡಗಿದಳು. ಇಂಗ್ಲಿಷಿನಲ್ಲಿ ತಪ್ಪುಗಳಾಗುತ್ತಿದ್ದವು. ಆದರೂ ತಾನು ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವುದನ್ನು ನೋಡುವುದು ಅವಳಿಗೆ ಇಷ್ಟವಾಗುತ್ತಿತ್ತು. ಕ್ಯಾಂಟೀನಿನಲ್ಲಿ ಅವಳ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ಕೆಲವು ದಿನ ಕಾದು ನೋಡಿ, ಆಮೇಲೆ ಬುತ್ತಿಯನ್ನು ಹಿಂದಿನ ಮೆಟ್ಟಿಲ ಮೇಲೆ ಕುಳಿತು ಉಣ್ಣುವುದು ರೂಢಿ ಮಾಡಿಕೊಂಡಳು.

ಅದು ವಯನಾಡಿನ ಆದಿವಾಸಿಗಳು ಭೂಮಿ ಕೇಳಿ ಬೀದಿಗಿಳಿದಿದ್ದ ಕಾಲ. ಸರ್ಕಾರ ಕೊಡುತ್ತೇನೆಂದ ಭೂಮಿ ಬಂದಿರಲಿಲ್ಲ. ಡಿಸೆಂಬರಿನ ಒಂದು ಮಧ್ಯಾಹ್ನ ಮಾರನ್ ಕಂಪನಿಯ ಗೇಟಿನ ಬಳಿ ಬಂದು ನಿಂತ. ಅಂಗಿಯೊಳಗಿಂದ ಕೈಬರಹದ ಒಂದು ಹಾಳೆ ತೆಗೆದ. ಭೂಮಿ ಕೊಡದಿದ್ದರೆ ಕಾಡಿಗೆ ಹೋಗಿ ಗುಡಿಸಲು ಹಾಕುತ್ತೇವೆ ಎಂದು ಜನರನ್ನು ಕರೆಯುವ ಕರಪತ್ರ ಅದು.

"ಇದನ್ನ ಟೈಪ್ ಮಾಡಿ ಅಚ್ಚು ಹಾಕ್ಕೊಡು. ಹಂಚೋದು ನಾವ್ ನೋಡ್ಕತೀವಿ."

"ಆಗಲ್ಲ ಅಣ್ಣ. ಕಂಪನಿ ಕೆಲಸ ಬಿಟ್ಟು ಬೇರೇದು ಮಾಡ್ಬಾರ್ದು ಅಂತ ಸಾರ್ ಹೇಳವ್ರೆ."

"ಕಂಪನಿ ಯಾರ ಜಾಗದಾಗೆ ಕುಂತದೆ ಅಂತ ನಿನ್ ಸಾರ್‌ನ ಕೇಳಿದ್ಯಾ?"

ಲೀಲ ತಲೆ ತಗ್ಗಿಸಿದಳು. "ನನ್ ವರ್ಷ ಮುಗೀಲಿ ಅಣ್ಣ. ಆಮೇಲೆ ಏನ್ ಬೇಕಾದ್ರೂ ಮಾಡ್ಕೊಡ್ತೀನಿ."

ಮಾರನ್ ಹಾಳೆಯನ್ನು ಮಡಿಸಿ ಒಳಗಿಟ್ಟು ಇಳಿಜಾರಿನಲ್ಲಿ ನಡೆದುಬಿಟ್ಟ. ಅವನು ಅದನ್ನು ಬತ್ತೇರಿಯ ಯಾವುದೋ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದನೆಂದು ಅವಳಿಗೆ ಆಮೇಲೆ ತಿಳಿಯಿತು.

ಹೊಸ ವರ್ಷ ಹುಟ್ಟುತ್ತಲೇ ನೂರಾರು ಕುಟುಂಬಗಳು ಮುತ್ತಂಗದ ಕಾಡಿಗೆ ಹೋದವು. ಕೇತನ್ ಮತ್ತು ಮಾರನ್ ಕೂಡ ಹೋದರು. ಒಂದು ಭಾನುವಾರ ಲೀಲ ಅಕ್ಕಿ, ಉಪ್ಪು, ಒಣಮೀನು ಕಟ್ಟಿಕೊಂಡು ನೋಡಲು ಹೋದಳು. ಅಪ್ಪ ಹುಲ್ಲು ಹೊದಿಸಿದ ಗುಡಿಸಲ ಮುಂದೆ ನೆಲ ಕೆದಕಿ ಗೆಣಸು ಹಾಕಿದ್ದ. ಅವನ ಮುಖದಲ್ಲಿ ಅಷ್ಟು ಗೆಲುವನ್ನು ಅವಳು ಕಂಡಿರಲಿಲ್ಲ. ಮಾರನ್ ಬಿದಿರು ಹೊತ್ತು, ಕಾಣದವನಂತೆ ಅವಳ ಮುಂದೆಯೇ ಹೋದ.

"ನಾನೂ ಇಲ್ಲೇ ಇರ್ತೀನಪ್ಪ" ಎಂದಳು ಲೀಲ.

"ಬ್ಯಾಡ ಕೂಸೇ. ಇಲ್ಲಿ ಏನಾಯ್ತದೋ ಯಾರ್ಗೂ ತಿಳೀದು. ನಿನ್ ಕೆಲಸ ಕಲ್ತುಬಿಡು. ಒಬ್ರಾದ್ರೂ ನೆಳ್ಳಾಗಿರ್ಲಿ" ಎಂದ ಕೇತನ್.

ಫೆಬ್ರವರಿಯಲ್ಲಿ ಪೊಲೀಸರು ಕಾಡಿಗೆ ನುಗ್ಗಿದರು. ಗುಂಡು ಹಾರಿತು. ಆ ಸುದ್ದಿ ಕಂಪನಿಗೆ ಬಂದದ್ದು ಕ್ಯಾಂಟೀನಿನ ಟಿವಿಯಲ್ಲಿ. ಜನ ಚಹಾ ಲೋಟ ಹಿಡಿದು ನಿಂತು ನೋಡುತ್ತಿದ್ದರು. "ಇವರ ಹಿಂದೆ ನಕ್ಸಲರಿದ್ದಾರೆ, ಇಲ್ಲದಿದ್ದರೆ ಈ ಜನಕ್ಕೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು" ಎಂದು ಒಬ್ಬ ಹೇಳಿದ. ಹೇಳುವಾಗ ಲೀಲ ಬಾಗಿಲಲ್ಲಿ ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅವಳು ಹಿಂದಿರುಗಿ ಬಂದು ಎಲೆಯ ತೂಕ ತುಂಬುತ್ತಾ ಕುಳಿತಳು. ಒಂದೇ ಸಾಲನ್ನು ಮತ್ತೆ ಮತ್ತೆ ತುಂಬಿದ್ದಳು. ಅಚ್ಯುತನ್ ಅದನ್ನು ಅಳಿಸಿ, "ಮನೆಗೆ ಹೋಗು" ಎಂದರು. ದನಿ ಇಳಿಸಿ ಮತ್ತೊಂದು ಮಾತು ಹೇಳಿದರು: "ನಾನು ಹರೆಯದಲ್ಲಿದ್ದಾಗ ತಿರುನೆಲ್ಲಿ ಕಡೆ ಹೀಗೇ ಆಗಿತ್ತು. ನಕ್ಸಲರನ್ನು ಹುಡುಕುತ್ತೇವೆಂದು ಮನೆಮನೆಗೂ ನುಗ್ಗಿದ್ದರು. ನನ್ನ ಅಣ್ಣನನ್ನೂ ಎಳೆದುಕೊಂಡು ಹೋದರು. ಯಾರು ಏನು ಕೇಳಿದರೂ ಬಾಯಿ ಬಿಡಬೇಡ."

ಮರುದಿನ ಭಾಗ್ಯಮ್ಮ ಅಂಗಡಿಯ ಹಲಗೆ ಹಾಕಿ ಅವಳ ಜೊತೆ ಹೊರಟಳು. ಠಾಣೆ, ಆಸ್ಪತ್ರೆ, ಕೋರ್ಟಿನ ಅಂಗಳ ಎಲ್ಲ ಅಲೆದರು. ಕೇತನ್‌ನನ್ನು ಜೈಲಿಗೆ ಕಳಿಸಿದ್ದರು. ಮಾರನ್ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದ. ಕಿವಿಗೆ ಬಟ್ಟೆ ಸುತ್ತಿತ್ತು, ತುಟಿ ಒಡೆದಿತ್ತು. ಪಕ್ಕದಲ್ಲಿದ್ದ ಪೊಲೀಸಿನವನು ಲೀಲಳನ್ನು ಹತ್ತಿರ ಬಿಡಲಿಲ್ಲ. ಭಾಗ್ಯಮ್ಮ ಅವನ ಕಾಲ ಬಳಿ ಬಾಳೆಹಣ್ಣಿನ ಚಿಪ್ಪು ಇಟ್ಟು, "ಒಂದ್ ಗಳಿಗೆ ಬುಡಪ್ಪ, ಒಡಹುಟ್ಟಿದೋಳು" ಎಂದು ಕನ್ನಡದಲ್ಲೇ ಬೇಡಿದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ಮುಖ ಆಚೆ ತಿರುಗಿಸಿದ. ಲೀಲ ಅಣ್ಣನ ಪಾದ ಹಿಡಿದು ಕೂತಳು. ಅವನು ಕಣ್ಣು ತೆರೆಯಲಿಲ್ಲ.

ಹೀಗೆ ಅಲೆಯುವುದರಲ್ಲೇ ವಾರಗಳು ಕಳೆದವು. ಅವಳು ಕಂಪನಿಗೆ ಮರಳಿದ ದಿನ ಮ್ಯಾನೇಜರರು ಕರೆಸಿದರು. ಮಾರನ್ ತಂದಿದ್ದ ಕರಪತ್ರವೇ ಅಚ್ಚಾಗಿ ಮೇಜಿನ ಮೇಲೆ ಇತ್ತು. ಅದನ್ನು ಎಲ್ಲಿ ಅಚ್ಚು ಹಾಕಿದ್ದೆಂದು ಪೊಲೀಸರು ವಿಚಾರಿಸಿಕೊಂಡು ಹೋಗಿದ್ದರಂತೆ. ಕೇತನ್‌ನ ಮಗಳು ಇಲ್ಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಅವರಿಗೆ ಗೊತ್ತಾಗಿತ್ತು.

"ನಾನು ಮಾಡಿದ್ದಲ್ಲ ಸಾರ್" ಎಂದಳು ಲೀಲ.

ಮ್ಯಾನೇಜರರು ಪಕ್ಕದಲ್ಲಿ ನಿಂತಿದ್ದ ಅಚ್ಯುತನ್ ಕಡೆ ತಿರುಗಿದರು. "ನಿಮಗೆ ಗೊತ್ತಿಲ್ಲದೆ ಈ ಹುಡುಗಿ ಕಂಪ್ಯೂಟರ್ ಕೋಣೆಯಲ್ಲಿ ಅಚ್ಚು ಹಾಕಿರಬಹುದೇ?"

ಕೋಣೆಯ ಬೀಗದ ಕೈ ಅಚ್ಯುತನ್ ಜೇಬಿನಲ್ಲಿ ಇರುತ್ತಿತ್ತು. ಅವರು ಬರುವ ಮೊದಲು ಅದು ತೆರೆಯುತ್ತಿರಲಿಲ್ಲ, ಅವರು ಹೋದ ಮೇಲೆ ಯಾರೂ ಒಳಗೆ ಉಳಿಯುತ್ತಿರಲಿಲ್ಲ. ಲೀಲ ಅವರ ಮುಖವನ್ನೇ ನೋಡಿದಳು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಹೇಳಲಾರೆ ಸಾರ್" ಎಂದರು.

ಕಂಪನಿ ಅವಳನ್ನು ಹೊರಗೆ ಹಾಕಲಿಲ್ಲ. ಅಪ್ರೆಂಟಿಸರನ್ನು ನಡುವೆ ತೆಗೆದರೆ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಕಂಪ್ಯೂಟರ್ ಕೋಣೆಯ ಬಾಗಿಲಾಚೆ ಒಂದು ಮೇಜು ಹಾಕಿಸಿ, ಹಳೆಯ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುವ ಕೆಲಸ ಕೊಟ್ಟರು. ಬೇಸಿಗೆ ಕಳೆದು ಮಳೆ ಹಿಡಿಯುವವರೆಗೂ ಅವಳು ಅದನ್ನೇ ಮಾಡಿದಳು. ಬಾಗಿಲು ತೆರೆದಾಗಲೆಲ್ಲ ಎಸಿಯ ತಂಪು ಬಂದು ಕಾಲಿಗೆ ತಾಗುತ್ತಿತ್ತು. ಒಳಗೆ ಪ್ರಿಂಟರ್ ಓಡುವ ಸದ್ದು ಕೇಳಿಸುತ್ತಿತ್ತು. ಅಚ್ಯುತನ್ ಅವಳ ಮೇಜಿನ ಪಕ್ಕದಿಂದಲೇ ಹೋಗಿ ಬರುತ್ತಿದ್ದರು, ನಿಲ್ಲುತ್ತಿರಲಿಲ್ಲ. ಅಣ್ಣನಿಗೆ ಅದನ್ನು ಟೈಪ್ ಮಾಡಿ ಕೊಟ್ಟಿದ್ದರೆ ಈ ಶಿಕ್ಷೆಗೊಂದು ಅರ್ಥವಾದರೂ ಇರುತ್ತಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ರಾತ್ರಿಯ ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವಳು.

"ಉಂಡುಬುಡು ಮೊಗ. ಹೊಟ್ಟೆ ಮ್ಯಾಲೆ ಯಾಕ್ ಸಿಟ್ಟು" ಎನ್ನುತ್ತಿದ್ದಳು ಭಾಗ್ಯಮ್ಮ.

ವರ್ಷದ ಕೊನೆಗೆ ಪರೀಕ್ಷೆ ಇತ್ತು. ಕೀಬೋರ್ಡಿನ ಮುಂದೆ ಕೂತಾಗ ಬೆರಳು ಓಡಲಿಲ್ಲ. ಹೇಗೋ ಪಾಸಾದಳು. ಅವಳ ಜೊತೆ ಬೇರೆ ವಿಭಾಗಗಳಲ್ಲಿ ಕಲಿತ ಇಬ್ಬರನ್ನು ಕಂಪನಿ ಕೆಲಸಕ್ಕೆ ಇಟ್ಟುಕೊಂಡಿತು. ಇವಳಿಗೆ ಬೇಕಾದಾಗ ತಿಳಿಸುತ್ತೇವೆ ಎಂದರು. ಬೇರೆ ಎರಡು ಮೂರು ಕಡೆ ಕೇಳಿ ನೋಡಿದಳು. ಟೀ ಕಂಪನಿಯಲ್ಲಿ ಯಾಕೆ ಇಟ್ಟುಕೊಳ್ಳಲಿಲ್ಲ ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತಿತ್ತು. ಕೊನೆಗೆ ಕೋಣೆ ಖಾಲಿ ಮಾಡಿ ಚೇಕಾಡಿಗೆ ಹೋದಳು.

ಕೇತನ್ ಜೈಲಿನಿಂದ ಬಂದಾಗ ಎದೆಯಲ್ಲಿ ನೋವು ತಂದಿದ್ದ. ಮರದ ಬುಡದಲ್ಲಿ ನಿಂತು ಜೇನಿನ ಗೂಡು ತೋರಿಸುತ್ತಿದ್ದ, ಹತ್ತಲು ಆಗುತ್ತಿರಲಿಲ್ಲ. ಮುಂದಿನ ಮಳೆಗಾಲ ದಾಟಲಿಲ್ಲ. ಮಾರನ್‌ಗೆ ಒಂದು ಕಿವಿ ಹೋಗಿತ್ತು, ಕೇಸು ಉಳಿದಿತ್ತು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಲೀಲ ಅಣ್ಣನ ಮುಂದೆ ಕೂತು, ಅಷ್ಟು ಕಾಲ ಒಳಗಿದ್ದ ಮಾತು ಆಡಿದಳು.

"ಅವತ್ತು ನಾನು ಹೂಂ ಅನ್ಬೇಕಿತ್ತು ಅಣ್ಣ."

ಮಾರನ್ ಒಲೆಗೆ ಸೌದೆ ತಳ್ಳಿದ. "ನೀನ್ ಹಾಕ್ಕೊಟ್ಟಿದ್ರೂ ಗುಂಡು ಹಾರ್ತಿತ್ತು" ಎಂದ. ಆಮೇಲೆ ಎದ್ದು ಹೊರಗೆ ಹೋದ.

ಕೆಲವು ವರ್ಷಗಳ ನಂತರ ಅವರಿಗೆ ಭೂಮಿಯ ಹಕ್ಕುಪತ್ರ ಸಿಕ್ಕಿತು. ಬಂಡೆಗಳ ಇಳಿಜಾರು, ನೀರಿಲ್ಲ. ಹಾಕಿದ ಬಾಳೆಯನ್ನು ಆನೆ ತಿಂದಿತು. ಲೀಲ ನಾಟಿಯ ಕಾಲದಲ್ಲಿ ಚೇಕಾಡಿಯ ಗದ್ದೆಗಳಿಗೆ, ಉಳಿದಂತೆ ಕಾಫಿ ಕೊಯ್ಲಿಗೆ ಹೋಗುತ್ತಾಳೆ. ಮದುವೆಯಾಗಲಿಲ್ಲ.

ಒಮ್ಮೆ ಪನಮರಂ ಬಸ್ ಸ್ಟ್ಯಾಂಡಿನಲ್ಲಿ ಅವಳು ಅಚ್ಯುತನ್ ಅವರನ್ನು ಕಂಡಳು. ಮುದುಕರಾಗಿದ್ದರು, ಕೈಯಲ್ಲಿ ಊರುಗೋಲು. ಅವರೇ ಗುರುತು ಹಿಡಿದು ಹತ್ತಿರ ಬಂದು ಚಹಾ ಕೊಡಿಸಿದರು. ಮಂಡಿ ನೋವಿನ ಬಗ್ಗೆ, ಗಲ್ಫಿಗೆ ಹೋದ ಮಗಳ ಬಗ್ಗೆ ಹೇಳಿದರು. ಲೋಟ ಕೆಳಗಿಟ್ಟು, "ಅವತ್ತು ಮ್ಯಾನೇಜರರ ಕೋಣೆಯಲ್ಲಿ..." ಎಂದು ಶುರು ಮಾಡಿದರು.

"ಪುಲ್ಪಳ್ಳಿ ಬಸ್ ಬಂತು ಸಾರ್" ಎಂದಳು ಲೀಲ.

ಬಸ್ಸಿನಲ್ಲಿ ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತಳು. ಪುಲ್ಪಳ್ಳಿಯಲ್ಲಿ ಇಳಿದು ಚೇಕಾಡಿಯ ಜೀಪು ಹತ್ತಿ, ಅದು ಬಿಟ್ಟಲ್ಲಿಂದ ಮಳೆ ಬರುವ ಮೊದಲು ಮನೆ ಸೇರಬೇಕೆಂದು ಬೇಗಬೇಗ ನಡೆದಳು.