ಅಕ್ಕನ ಪಾಲಿನ ಪಾಸ್ತಾ

ಆಗೆಲ್ಲ ನಮ್ಮ ಚಿಕ್ಕೇರೂರಿನವರಿಗೆ ಹೋಟೆಲು ಅಂದರೆ ಮಿರ್ಚಿ, ಮಂಡಕ್ಕಿ, ಚಹಾ. ಗಾಜಿನ ಬಾಗಿಲು, ಮೆತ್ತನೆ ಸೋಫಾ ಇರುವಂಥದ್ದನ್ನು ಫೋನಿನಲ್ಲಷ್ಟೇ ನೋಡಿದ್ದೆವು. ಅಂಥದೊಂದು ಶುದ್ಧ ಸಸ್ಯಾಹಾರಿ ಹೋಟೆಲು ಬಂಕಾಪುರದ ಹತ್ತಿರ ಹೆದ್ದಾರಿಗೆ ಬಂತು. ಅದೇ ಬೇಸಿಗೆಯಲ್ಲಿ ಅಕ್ಕನಿಗೆ ಸವಣೂರಿನ ಗಂಡೊಂದರ ಮಾತು ಬಂತು. "ಹೆಣ್ಣು ನೋಡಾಕ ಮನ್ಯಾಗ ಅವಲಕ್ಕಿ, ಚಹಾ ಬ್ಯಾಡ್ರಿ, ಅಲ್ಲೇ ಊಟಕ್ಕ ಕೂಡೂಣು" ಅಂದವನೂ ಆ ಗಂಡೇ.

ನನ್ನ ಕಸುಬೆಂದರೆ ಮಂದಿಯ ನಕಲು ತೆಗೆಯುವುದು. ಕನ್ನಡಿ ಮುಂದೆ ನಿಂತು ನನ್ನದನ್ನೂ ತೆಗೆಯುತ್ತಿದ್ದೆ. ಬಸ್ಸಿನಲ್ಲಿ ಅಕ್ಕ ಕೈ ಹಿಡಿದು, "ಇವತ್ತೊಂದಿನ ಬಾಯಿ ಮುಚ್ಚಿಕೊಂಡು ಕುಂಡ್ರು ತಮ್ಮಾ. ಈ ಹುಡುಗ ನನ್ನ ಮನಸಿಗೆ ಬಂದಾನ. ಅಪ್ಪಗ ಹೇಳಬ್ಯಾಡ ಮತ್ತ" ಅಂದಳು.

ಹೋಟೆಲಿನಲ್ಲಿ ನನ್ನನ್ನು ಗೋಡೆಯ ಮೂಲೆಗೆ ಒತ್ತಿದರು. ಪಕ್ಕಕ್ಕೆ ಅಕ್ಕ, ಆಚೆಗೆ ಅವ್ವ, ಅಪ್ಪ. ಎದುರಿಗೆ ಗಂಡು, ಅವನಪ್ಪ, ಮತ್ತು ಎಲ್ಲರೂ 'ಆಯಿ' ಅನ್ನುವ ಅವನ ಅಜ್ಜಿ. ಓಡಬೇಕೆಂದರೆ ಟೇಬಲ್ಲಿನ ಕೆಳಗೆ ನುಸುಳಬೇಕು. ಅಲ್ಲಿ ಬರೀ ಕಾಲು.

ಗಂಡು ಎಲ್ಲರಿಗೂ ಪಾಸ್ತಾ ಹೇಳಿದ. ಸೈಕಲ್ಲಿನ ವಾಲ್ ಟ್ಯೂಬ್ ತುಂಡರಿಸಿ ಹಾಲಿನಲ್ಲಿ ಕುದಿಸಿದಂತಿತ್ತು. ಖಾರವಿಲ್ಲ, ಬೆಳ್ಳುಳ್ಳಿಯ ಜೊತೆ ಒಡೆದ ಹಾಲಿನ ವಾಸನೆ. ಅಪ್ಪ ಅವ್ವನ ಕಿವಿಯಲ್ಲಿ, "ಇದಕ್ಕ ರೊಟ್ಟಿ ಯಾವಾಗ ತರ್ತಾರ?" ಅಂದ.

ಆಯಿ ಅಕ್ಕನ ಮುಖ ನೋಡಲಿಲ್ಲ, ತಾಟು ನೋಡಿದಳು. "ನಮ್ಮನ್ಯಾಗ ಒಂದಗಳೂ ಬಿಡೂದಿಲ್ಲವಾ. ಊಟ ಅಂದ್ರ ಪ್ರಸಾದ. ಬಿಡೂ ಹುಡುಗಿ ನಮಗ ಆಗಿಬರೂದಿಲ್ಲ." ಮಾತಿಗೊಮ್ಮೆ ಅವಳ ಹಲ್ಲಿನ ಸೆಟ್ಟು 'ಟಕ್' ಅನ್ನುತ್ತಿತ್ತು. ಆ 'ಟಕ್'ನ ನಕಲು ನನ್ನ ಗಂಟಲಿನವರೆಗೆ ಬಂತು. ಪಾಸ್ತಾದ ಜೊತೆ ನುಂಗಿದೆ.

ಅಕ್ಕನಿಗೆ ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಹಾಲಿನ ವಾಸನೆಗೆ ಅವಳಿಗೆ ಮೊದಲಿಂದಲೂ ಓಕರಿಕೆ. ಆಯಿ ಚಸ್ಮಾ ಒರೆಸಿಕೊಳ್ಳುವಷ್ಟರಲ್ಲಿ ಅಕ್ಕನ ಚಮಚೆ ನನ್ನ ತಾಟಿಗೆ ದಾಟಿತು.

"ತಿನ್ನೋ."

"ಒಲ್ಲೆ."

"ನಿನ್ನ ಕಾಲ ಬೀಳ್ತೇನಿ."

ತಿಂದೆ. ಆಯಿ ಕೆಮ್ಮಿದಾಗೊಮ್ಮೆ, ನೀರು ಕುಡಿದಾಗೊಮ್ಮೆ, ಅಕ್ಕನ ತಾಟಿನದು ನನ್ನ ತಾಟಿಗೆ ಬಂತು. ಅದನ್ನೂ ಮುಗಿಸುವುದರೊಳಗೆ ಗಂಡು ಕೂಗಿದ: "ತಮ್ಮಗ ಭಾಳ ಸೇರೇತಿ! ಇನ್ನೊಂದು ಪ್ಲೇಟ್ ತರ್ರಿ!"

ತಾಟು ಖಾಲಿಯಾದರೆ ಗಂಡಿನ ಉಪಚಾರ, ಆಗದಿದ್ದರೆ ಆಯಿಯ ಪ್ರಸಾದ. ಬೆನ್ನಿಗೆ ಗೋಡೆ, ಹೊಟ್ಟೆಗೆ ಟೇಬಲ್ಲು. ಉಸಿರು ಬಿಡಲೂ ಅಕ್ಕನ ಅಪ್ಪಣೆ ಬೇಕಿತ್ತು. ಅವಳ ಕೈ ನನ್ನ ಮೊಣಕಾಲನ್ನು ಬಿಗಿ ಹಿಡಿದಿತ್ತು, ತಣ್ಣಗೆ. ಅದಕ್ಕಾಗಿ ಮೂರನೆಯದನ್ನೂ ತಿಂದೆ.

ಕಡೆಗೆ ಆಯಿ ಬಗ್ಗಿ ಅಕ್ಕನ ತಾಟು ನೋಡಿದಳು. "ಹುಡುಗಿ ಚಲೋ ಅದಾಳ. ಮಾತು ಮುಗಸ್ರಿ." ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ಆಯಿಯ ನಕಲು ತೆಗೆದೆ. ಅಕ್ಕ ವೇಲನ್ನು ಬಾಯಿಗೆ ತುರುಕಿಕೊಂಡು ನನ್ನ ಹೆಗಲ ಮೇಲೆ ಬಿದ್ದು ನಕ್ಕಳು. ನನ್ನ ನಕಲಿಗೆ ಹಾಗೆ ನಗುವವಳು ಅವಳೊಬ್ಬಳೇ. ಹಾನಗಲ್ಲು ದಾಟುವಾಗ ನನಗೆ ಹೊಳೆಯಿತು: ಇವಳನ್ನು ನಾನೇ ತಿಂದು ತಿಂದು ಸವಣೂರಿಗೆ ಕಳಿಸಿದೆ.

ಈಗ ಅಕ್ಕ ಪಾಸ್ತಾ ತಾನೇ ಮಾಡುತ್ತಾಳೆ, ಮೇಲೆ ಖಾರಪುಡಿ ಉದುರಿಸಿ, ಚಪ್ಪರಿಸಿ ತಿನ್ನುತ್ತಾಳೆ. ಸವಣೂರಿಗೆ ಹೋದಾಗಲೆಲ್ಲ ನನ್ನನ್ನು ಮಣೆ ಹಾಕಿ ಕೂಡಿಸಿ, ತಾನು ಎದುರಿಗೆ ನಿಂತು ನೀಡುತ್ತಾಳೆ.

"ಸಂಕೋಚ ಮಾಡಬ್ಯಾಡ. ನಿಮ್ಮನಿ ಅಂತ ತಿಳಕೊಂಡು ಉಣ್ಣು" ಅನ್ನುತ್ತಾಳೆ, ನನಗೆ.