ಸಡಿಲ ಮಾಸ್ಟರ್ ತಂದ ಸಿಲಿಂಡರ್

ಶಾಲೆಯ ಸಮವಸ್ತ್ರ ಹೊಲಿಯುವ ಆ ಟೈಲರನ್ನು ಇಡೀ ಬೀದಿ ಸಡಿಲ ಮಾಸ್ಟರ್ ಎಂದೇ ಕರೆಯುತ್ತಿತ್ತು. ಮಕ್ಕಳು ಬೆಳೆಯುತ್ತಾರೆ ಎಂಬುದು ಅವರ ಅಚಲ ನಂಬಿಕೆ. ಅವರು ಹೊಲಿದ ಚಡ್ಡಿಯೊಳಗೆ ಇಬ್ಬರು ಆರಾಮಾಗಿ ಹಿಡಿಯುತ್ತಿದ್ದರು. ಮನೆಗೆ ಚಪ್ಪಲಿ ತರಲಿ, ಬೀಗ ತರಲಿ, ಒಂದಳತೆ ದೊಡ್ಡದೇ. ಕಾರು ತಂದಾಗಲೂ ಅದೇ ಕಥೆ. ಹಳೇ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಆ ಉದ್ದ ಮೂತಿಯ ಹಸಿರು ಗಾಡಿ ಗೇಟಿನೊಳಗೆ ಮುಕ್ಕಾಲು ಪಾಲು ಬಂತು. ಉಳಿದದ್ದು ಬೀದಿಯಲ್ಲೇ ನಿಂತಿತು.

ಓಡಿಸುವುದು ಮಾತ್ರ ಅವರ ಹೆಂಡತಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ವ್ಯಾನ್ ಓಡಿಸಿ ನಿವೃತ್ತರಾದ ಪುಟ್ಟ ಆಕಾರದ ಹೆಂಗಸು. ಬೆನ್ನಿಗೊಂದು, ಕೆಳಗೊಂದು ದಿಂಬು ಇಟ್ಟುಕೊಂಡು ಕೂತರೆ ಎಂಥ ಸಂದಿಯಲ್ಲೂ ಗಾಡಿ ತೂರಿಸುತ್ತಿದ್ದರು.

ಒಂದು ಬೆಳಿಗ್ಗೆ ಬ್ರೇಕ್ ಒತ್ತಿದಾಗ ಬುಸ್ ಎಂಬ ಸದ್ದು ಬಂತು. ಪೆಡಲ್ ಬಿಗಿದುಕೊಂಡಿತ್ತು. ಗ್ಯಾರೇಜ್ ನಡೆಸುವ ಅವರ ತಮ್ಮ ಬಂದು ಬಾನೆಟ್ ಎತ್ತಿ ನೋಡಿದ.

"ಬೂಸ್ಟರ್ ಹೋಗಿದೆ ಅಕ್ಕಾ. ನಿನ್ನ ಕಾಲಿನ ಜೊತೆಗೆ ತಾನೂ ಒತ್ತಿಕೊಡ್ತಿದ್ದ ಡಬ್ಬಿ ಇದೇ. ಈ ಕಾರಿಗೆ ಹೊಸದು ಎಲ್ಲೂ ಸಿಗಲ್ಲ. ಕಿತ್ತು ಹಾಕಿ, ಬರೀ ಕಾಲಿನ ಬಲದಲ್ಲೇ ನಿಲ್ಲೋ ಹಾಗೆ ಮಾಡೋಣ. ಅದಕ್ಕೆ ಮಾಸ್ಟರ್ ಸಿಲಿಂಡರ್ ಬದಲಾಯಿಸ್ಬೇಕು."

"ಮಾಸ್ಟರ್ ಅಂದ್ಯಾ?" ಎನ್ನುತ್ತ ಟೈಲರ್ ಹತ್ತಿರ ಬಂದರು.

"ಹೂಂ ಭಾವ. ಪೆಡಲ್ ಒತ್ತಿದ್ರೆ ಚಕ್ರಗಳಿಗೆ ಬ್ರೇಕ್ ಎಣ್ಣೆ ತಳ್ಳೋದು ಇದು. ಈಗಿರೋದು ಒಂದಿಂಚು. ಮುಕ್ಕಾಲಿಂಚಿಂದು ತನ್ನಿ."

ಬಿಡಿಭಾಗದ ಅಂಗಡಿಯಾಕೆ ಮುಕ್ಕಾಲಿಂಚಿನದನ್ನು ಕೌಂಟರ್ ಮೇಲಿಟ್ಟಳು. ಮಾಸ್ಟರಿಗೆ ಅದು ಬೆರಳಿನಷ್ಟು ಬಡಕಲಾಗಿ ಕಂಡಿತು. ಪಕ್ಕದ ಕಪಾಟಿನಲ್ಲಿ ಒಂದೂಕಾಲಿಂಚಿನ ಇನ್ನೊಂದು ಮಿರಮಿರ ಮಿಂಚುತ್ತಿತ್ತು.

"ಅದು ಬೂಸ್ಟರ್ ಇರೋ ಗಾಡಿಗಳ ಲೆಕ್ಕದ್ದು ಮಾಸ್ಟ್ರೇ," ಎಂದಳು ಆಕೆ.

"ಅಲ್ಲಮ್ಮಾ, ಕೈಯಾಳನ್ನ ಕಿತ್ತು ಹಾಕಿದ ಮೇಲೆ ಉಳಿದೋನು ಗಟ್ಟಿ ಆಳಾಗಿರಬೇಡ್ವಾ?"

ದೊಡ್ಡದನ್ನೇ ತಂದರು. ಚಿಕ್ಕದು ಸಿಗಲಿಲ್ಲ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟರು. ಬಾಮೈದ ಮೂಗು ಮುರಿದ. "ಹಾಕ್ತೀನಿ. ಆದ್ರೆ ಅಂಗಳ ದಾಟಬಾರದು," ಎಂದ.

ಮೊದಲು ಮಾಸ್ಟರೇ ಕೂತು ಒತ್ತಿದರು. ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದ ಕಾಲು ಅದು. "ಆಹಾ, ಬಂಡೆ ಇದ್ದ ಹಾಗಿದೆ!" ಎಂದು ಎದೆಯುಬ್ಬಿಸಿ ಇಳಿದರು.

ಆಮೇಲೆ ಹೆಂಡತಿ ಕೂತರು. ಅಂಗಳದ ಇಳಿಜಾರಿನಲ್ಲಿ ಕಾರು ಮೆಲ್ಲಗೆ ಉರುಳಿತು. ಬ್ರೇಕ್ ಒತ್ತಿದರು, ಕಾರು ಕ್ಯಾರೇ ಎನ್ನಲಿಲ್ಲ. ಎರಡೂ ಕಾಲು ಕೊಟ್ಟು, ಸೀಟಿನಿಂದ ಎದ್ದು ನಿಂತಂತೆ ಒತ್ತಿದರು. ಅದು ಸಾವಕಾಶವಾಗಿ ಸಾಗಿ, ಇಸ್ತ್ರಿ ಮಾಡಿ ತೂಗುಹಾಕಿದ್ದ ಸಮವಸ್ತ್ರಗಳ ನಡುವೆ ಮೂತಿ ತೂರಿಸಿತು. ತಮ್ಮ ಓಡಿಬಂದು ಕಿಟಕಿಯಿಂದ ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದ. ನೀಲಿ ಲಂಗವೊಂದು ಬಾನೆಟ್ ಮೇಲೆ ಬಿತ್ತು.

"ರೀ, ಇದನ್ನ ಕಾಲಲ್ಲಿ ಒತ್ತೋದಾ, ಇಲ್ಲಾ ನಿಲ್ಲು ಅಂತ ಅರ್ಜಿ ಕೊಡೋದಾ?"

ಎಲ್ಲರೂ ನಕ್ಕರು. ಆದರೆ ಮಧ್ಯಾಹ್ನ ಹೆಂಡತಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದುದನ್ನು ಮಾಸ್ಟರ್ ಬಾಗಿಲ ಸಂದಿಯಿಂದ ಕಂಡರು. ಅದೇಕೋ ಹೊಲಿಗೆಗೆ ಮನಸ್ಸೇ ಹತ್ತಲಿಲ್ಲ. ಬೀದಿಯವರೆಲ್ಲರ ಅಳತೆ ತೆಗೆದವರು, ಪೆಡಲ್ ಒತ್ತುವ ಕಾಲು ಯಾರದೆಂದು ಯೋಚಿಸಿಯೇ ಇರಲಿಲ್ಲ. ಮುಂದಿದ್ದ ದಪ್ಪ ಬಟ್ಟೆಯನ್ನು ಹೆಬ್ಬೆರಳಿನಿಂದ ಅದುಮಿದರು, ತಗ್ಗಿತಷ್ಟೇ. ಅಷ್ಟೇ ಬಲದಲ್ಲಿ ಸೂಜಿ ಒತ್ತಿದರು. ನಾಲ್ಕು ಪದರ ದಾಟಿ ಆಚೆ ಬಂತು. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಎದ್ದು ಒಳಗೆ ಹೋದರು.

"ಇವಳೇ, ಚಿಕ್ಕದು ಅಂಗಡೀಲಿ ಇತ್ತು ಕಣೇ."

"ಗೊತ್ತು. ಸುಳ್ಳು ಹೇಳುವಾಗ ನಿಮ್ಮ ಕಿವಿ ಕೆಂಪಾಗುತ್ತೆ."

"ಮತ್ತೆ ಬೈಲಿಲ್ಲ?"

"ಮಂಡಿ ನೋವು ಇಳೀಲಿ, ಬೈತೀನಿ."

ಮರುದಿನ ಮುಕ್ಕಾಲಿಂಚಿನದು ಬಂತು. ಬಾಮೈದ ಅದನ್ನು ಕೂರಿಸಿ, ಕೊಳವೆಯೊಳಗಿನ ಗಾಳಿ ತೆಗೆಯಲು ಭಾವನನ್ನೇ ಪೆಡಲ್ ಮುಂದೆ ಕೂರಿಸಿದ. "ಒತ್ತಿ... ಹಿಡೀರಿ... ಈಗ ಬಿಡಿ," ಎಂದು ಕಾರಿನಡಿಯಿಂದ ಕೂಗುತ್ತಿದ್ದ.

"ಏಯ್, ಇದು ಮೊದಲಿಗಿಂತ ಒಳಗೆ ಹೋಗ್ತಿದೆಯಲ್ಲೋ!"

"ಹೋಗ್ಬೇಕು ಭಾವ. ಸಣ್ಣ ಸಿಲಿಂಡರು ಒಂದು ಸಲಕ್ಕೆ ತಳ್ಳೋ ಎಣ್ಣೆ ಕಮ್ಮಿ, ಅದಕ್ಕೇ ದೂರ ಹೋಗುತ್ತೆ. ಅದರ ಬದಲು ಒತ್ತಡ ಜಾಸ್ತಿ ಸಿಗುತ್ತೆ. ನೆಲ ಮುಟ್ಟದೆ ಗಟ್ಟಿಯಾಗಿ ನಿಂತ್ರೆ ಸಾಕು."

ನಿಂತಿತು. ಹೆಂಡತಿ ಇಳಿಜಾರಿನಲ್ಲಿ ಮತ್ತೆ ಮತ್ತೆ ಉರುಳಿಸಿ, ಬೇಕೆಂದ ಕಡೆ ಒಂದೇ ಕಾಲಿನಲ್ಲಿ ನಿಲ್ಲಿಸಿದರು. "ಬೂಸ್ಟರ್ ಇದ್ದಷ್ಟು ಹಗುರ ಇಲ್ಲ," ಎಂದರು, "ಆದ್ರೆ ಹೇಳಿದ ಮಾತು ಕೇಳುತ್ತೆ." ಮಾಸ್ಟರ್ ಈ ಮಾತು ತಮಗೂ ಇರಬಹುದೇ ಎಂದು ಅವರ ಮುಖ ನೋಡಿದರು. ಗೊತ್ತಾಗಲಿಲ್ಲ.

ಭಾನುವಾರ ಗಂಡ ಹೆಂಡತಿ ಕೆರೆಯವರೆಗೆ ಹೋದರು. ದಾರಿಯಲ್ಲಿ ನಾಯಿಯೊಂದು ಓಡಿ ಅಡ್ಡ ಬಂತು. ಕಾರು ಅದಕ್ಕೆ ಎರಡು ಮಾರು ದೂರದಲ್ಲೇ ನಿಂತಿತು. ನಾಯಿ ಕೃತಜ್ಞತೆಯಿಲ್ಲದೆ ಬೊಗಳಿ ಹೋಯಿತು. ದಂಡೆಯ ಮೇಲೆ ಕೂತು ಕಿತ್ತಳೆ ಸುಲಿದರು. ಬೈಗುಳವೂ ಅಲ್ಲೇ ಪೂರ್ತಿಯಾಯಿತು. ಮಾಸ್ಟರ್ ತಲೆ ತಗ್ಗಿಸಿ ಕೇಳಿ, ಕಿತ್ತಳೆಯ ಸಿಹಿ ತೊಳೆಗಳನ್ನೆಲ್ಲ ಹೆಂಡತಿಯ ಕೈಗಿಟ್ಟರು.

ವಾಪಸು ಬರುವಾಗ ಸಂತೆಪೇಟೆಯ ಸಿಗ್ನಲ್ ಕೆಂಪಾಯಿತು. ಹೆಂಡತಿ ಪೆಡಲನ್ನು ನಿಧಾನಕ್ಕೆ ಒತ್ತಿದರು. ಪಕ್ಕದಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ ಮಾಸ್ಟರಿಗೆ ಕಾರು ನಿಂತದ್ದೂ ತಿಳಿಯಲಿಲ್ಲ.