ಶಾಲೆಗೆ ಹೋದ ಪಟ್ಟದ ಗೊಂಬೆಗಳು

ರಾಣಿಯ ಬಲಗೈ ಮೊದಲೇ ಸಡಿಲ. ಯಾರಾದರೂ ಮುಟ್ಟಿ ಅದು ಕಳಚಿ ಬೀಳಬಹುದು. ರಾಜನ ಮೂಗು ಮೊಂಡಾಗಬಹುದು. ಮೇಲಿನ ಮೆಟ್ಟಿಲಿನ ಮಣ್ಣಿನ ದಶಾವತಾರ ಸಾಲಾಗಿ ಉರುಳಿ ಇವರ ತಲೆಯ ಮೇಲೆ ಇಳಿಯಬಹುದು. ದೀಪದ ಕುಡಿ ಸೀರೆಗೆ ತಾಗಬಹುದು. ಬ್ಯಾಟರಿ ದೀಪವಾದರೆ ಬ್ಯಾಟರಿ ಸೋರಬಹುದು. ಗೆದ್ದಲು, ಇಲಿ, ಇರುವೆ. ಮಕ್ಕಳು ಪ್ರಸಾದದ ಕಡಲೆ ಸುಂಡಲ್ ಚೆಲ್ಲುವುದು ಖಂಡಿತ, ಆದ್ದರಿಂದ ಇರುವೆಯೂ ಖಂಡಿತ. ಶಾಲೆ ಇರುವುದು ಚೆನ್ನೈಯ ಪೋರೂರು ಕೆರೆಗೆ ಹತ್ತಿರ, ಸಭಾಂಗಣ ನೆಲಮಹಡಿಯಲ್ಲಿ. ಮಳೆ ಜೋರಾದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ. ಯಾರಾದರೂ ಕದಿಯಬಹುದು. ಅಥವಾ ಕದಿಯದೆ, ತಮ್ಮದೇ ಎಂದುಕೊಂಡು ಪ್ರಾಮಾಣಿಕವಾಗಿ ಮನೆಗೆ ಒಯ್ಯಬಹುದು. ಇದು ಇನ್ನೂ ಕಷ್ಟ, ಜಗಳವಾಡುವುದಕ್ಕೂ ಬರುವುದಿಲ್ಲ. ಎಲ್ಲರೆದುರು ಕನ್ನಡದಲ್ಲಿ ನಾಲ್ಕು ಮಾತಾಡುವಾಗ ಮಗಳು ತಡವರಿಸಬಹುದು. ತಡವರಿಸದಿದ್ದರೆ ನಾನು ಅತ್ತುಬಿಡಬಹುದು.

ಇಷ್ಟನ್ನೂ ನಾನು ಬರೆದಿಟ್ಟದ್ದು ಅಕ್ಟೋಬರ್ ಸುತ್ತೋಲೆಯ ಹಿಂಬದಿಯಲ್ಲಿ. ಪ್ರತಿ ತಿಂಗಳ ಮೊದಲ ಶುಕ್ರವಾರ ಸಂಜೆ ನಾಲ್ಕಕ್ಕೆ ಶಾಲೆಯವರು ಪೋಷಕರಿಗೆ ಸುದ್ದಿ ಮತ್ತು ಸೂಚನೆಗಳನ್ನು ಮೊಬೈಲಿಗೆ ಕಳಿಸುತ್ತಾರೆ. ಬೇರೆ ತಾಯಂದಿರು ಅದನ್ನು ಓದುವುದಿಲ್ಲ, ನನ್ನನ್ನು ಕೇಳುತ್ತಾರೆ. ನಾನು ಗಿಂಡಿ ಬಡಾವಣೆಯ ನನ್ನ ಆಫೀಸಿನಲ್ಲಿ ಅದನ್ನು ಪ್ರಿಂಟ್ ತೆಗೆದು, ಮುಖ್ಯವಾದದ್ದಕ್ಕೆ ಕೆಂಪು ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸುತ್ತೇನೆ. ಎಲ್ಲವೂ ಮುಖ್ಯವಾಗಿಯೇ ಕಾಣುವುದರಿಂದ ಹಾಳೆ ಪೂರ್ತಿ ಕೆಂಪು. ಮಗಳು ಒಂದನೇ ತರಗತಿಗೆ ಸೇರಿದಂದಿನಿಂದ ಈ ಏಳನೆಯ ತರಗತಿಯವರೆಗೆ ಅವಳ ಡೈರಿಯಲ್ಲಿ ಟೀಚರಿಂದ ಒಂದು ದೂರೂ ಬಂದಿಲ್ಲ. ಹಾಗೆ ಯೋಚಿಸಿದರೆ ನನ್ನ ಜೀವಮಾನದ ಸಾಧನೆ ಇದೊಂದೇ.

ಆ ತಿಂಗಳ ಸೂಚನೆಗಳಲ್ಲಿ ಹೊಸದೇನೂ ಇರಲಿಲ್ಲ. ಕ್ವಾರ್ಟರ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಸಹಿ ಹಾಕಿ ಕಳಿಸಿ. ಮಳೆ ರಜೆಯೆಂದು ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ, ಕಲೆಕ್ಟರ್ ಹೇಳುವವರೆಗೆ ಕಾಯಿರಿ. ರೈನ್‌ಕೋಟಿನ ಮೇಲೆ ಹೆಸರಿರಲಿ. ಸೊಳ್ಳೆಯಿಂದ ಎಚ್ಚರಿಕೆ. ಶಾಲೆಗೆ ಪಟಾಕಿ ತರಕೂಡದು. ಆರನೆಯದು: ಸ್ಪೋರ್ಟ್ಸ್ ಡೇ ಡ್ರಿಲ್ ಅಭ್ಯಾಸಕ್ಕಾಗಿ ಪ್ರತಿ ಮಗುವಿನ ಒಂದು ಬಿಳಿ ಪಿ.ಟಿ. ಟೀ ಶರ್ಟ್ ತರಗತಿಯ ಕಪಾಟಿನಲ್ಲೇ ಇರಬೇಕು, ಒಂದು ಕಲೆಯೂ ಇರಬಾರದು. ಅದನ್ನು ನಾನು ಅಂದೇ ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿ ಕಳಿಸಿದೆ. ಒಂಬತ್ತನೆಯದೇ ನನ್ನ ನಿದ್ದೆ ಕೆಡಿಸಿದ್ದು. ಈ ವರ್ಷ ಶಾಲೆಯಲ್ಲೇ ಕೊಲು ಇಡುತ್ತಾರಂತೆ. ನಾವು ಬೊಂಬೆ ಕೂರಿಸುವುದು ಅನ್ನುವುದನ್ನೇ ಇಲ್ಲಿ ಕೊಲು ಅನ್ನುತ್ತಾರೆ. ಇಷ್ಟವಿದ್ದ ಮಕ್ಕಳು ಮನೆಯಿಂದ ಬೊಂಬೆ ತಂದು, ಬುಧವಾರ ಪೋಷಕರ ಮುಂದೆ ತಮ್ಮ ಮನೆಭಾಷೆಯಲ್ಲಿ ಅದರ ಬಗ್ಗೆ ಹೇಳಬಹುದು. ಬೊಂಬೆಗಳಿಗೆ ಶಾಲೆ ಹೊಣೆಯಲ್ಲ.

"ಅಮ್ಮಾ, ನಾನ್ ಪಟ್ಟದ ಗೊಂಬೆ ಎಡುತ್ತುಟ್ಟು ಪೋರೇನ್," ಅಂದಳು ಮಗಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ. ಪಟ್ಟದ ಗೊಂಬೆಯನ್ನು ತೆಗೆದುಕೊಂಡು ಹೋಗುತ್ತೇನೆ ಅನ್ನುವ ಆ ವಾಕ್ಯದಲ್ಲಿ ಕನ್ನಡದ್ದಾಗಿ ಉಳಿದದ್ದು ಗೊಂಬೆಗಳ ಹೆಸರೊಂದೇ.

ನಮ್ಮ ಮನೆಯಲ್ಲಿ ಪಟ್ಟದ ಗೊಂಬೆ ಎರಡು ಜೊತೆ. ಒಂದು ಅತ್ತೆಯವರದು, ಅದು ಮನೆಯ ಕಲಶದ ಪಕ್ಕದಿಂದ ಕದಲುವಂತಿಲ್ಲ. ಇನ್ನೊಂದು ನನ್ನ ಅಮ್ಮ ಮದುವೆಯಲ್ಲಿ ನನಗೆ ಕೊಟ್ಟದ್ದು. ಮೈಸೂರಿನ ಕಡೆ ತಾಯಿ ಮಗಳಿಗೆ ಹೀಗೆ ಮರದ ರಾಜ ರಾಣಿಯರನ್ನು ಕೊಟ್ಟು ಕಳಿಸುತ್ತಾಳೆ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ರಾಣಿ ಉಟ್ಟ ಸೀರೆ ಅಮ್ಮ ತನ್ನ ಹಳೆಯ ರೇಷ್ಮೆಯ ಅಂಚಿನಿಂದ ತಾನೇ ಹೊಲಿದದ್ದು. ಅಮ್ಮನ ಕೈಯ ಹೊಲಿಗೆಯಲ್ಲಿ ನನ್ನ ಬಳಿ ಉಳಿದದ್ದು ಅದಿಷ್ಟೇ. ಈ ಜೊತೆಯನ್ನು ಮಗಳು ಕೇಳುತ್ತಿದ್ದಳು.

"ಚೆಟ್ಟಿಯಾರ್ ಬೊಂಬೆ ತಗೊಂಡು ಹೋಗೇ. ದಪ್ಪಗೆ ಚೆನ್ನಾಗಿದೆ. ಬಿದ್ರೂ ಇನ್ನೊಂದು ಸಿಗತ್ತೆ."

"ಅದು ಎಲ್ಲಾರ್ ವೀಟ್ಲಯುಂ ಇರುಕ್ಕು ಮಾ." ಅದು ಎಲ್ಲರ ಮನೆಯಲ್ಲೂ ಇದೆ. ನಿಜವೇ, ಅಂಗಡಿ ಹರವಿಕೊಂಡ ಚೆಟ್ಟಿಯಾರ್ ದಂಪತಿ ಇಲ್ಲದ ಮನೆ ಚೆನ್ನೈಯಲ್ಲಿಲ್ಲ.

"ಇದು ನನ್ನಮ್ಮ ಕೊಟ್ಟಿದ್ದು ಕಣೇ."

"ಅಪ್ಪರಂ ನೀ ಎನಕ್ಕು ದಾನೇ ಕುಡುಪ್ಪೆ?" ಆಮೇಲೆ ನೀನು ಅದನ್ನು ನನಗೇ ತಾನೇ ಕೊಡುವುದು?

ಗಂಡನ ಕಡೆ ನೋಡಿದೆ. ಅವರು ಪೇಪರಿನ ಹಿಂದಿನಿಂದ, "ಕೊಡೇ. ಮರದ್ದು ತಾನೆ. ನಿನ್ನ ಯೋಚನೆಗೇ ಇಷ್ಟು ವರ್ಷ ತಡ್ಕೊಂಡಿವೆ, ಶಾಲೆಗೆ ತಡ್ಕೊಳಲ್ವಾ?" ಅಂದರು.

ಕೊಟ್ಟೆ. ಆದರೆ ನಾನೂ ಒಂದು ಸುತ್ತೋಲೆ ಬರೆದು ಕೈಗಿತ್ತೆ, ಹನ್ನೊಂದು ಸೂಚನೆಗಳದು. ಹಿಡಿಯುವುದು ಸೊಂಟದಲ್ಲಿ, ಕೈಯಲ್ಲಲ್ಲ. ರಾಣಿ ರಾಜನ ಎಡಕ್ಕೆ. ಇತ್ಯಾದಿ. ನಾಲ್ಕನೆಯದಕ್ಕೆ ಎರಡು ಗೆರೆ ಎಳೆದಿದ್ದೆ: ಇಟ್ಟಮೇಲೆ ಯಾರೂ ಮುಟ್ಟಕೂಡದು, ನೀನೂ ಕೂಡ. ವಿಜಯದಶಮಿಯ ದಿನ ನಾನೇ ಬಂದು ಮಲಗಿಸುತ್ತೇನೆ. ಹಬ್ಬ ಮುಗಿದ ಸಂಜೆ ಗೊಂಬೆಗಳನ್ನು ಮಲಗಿಸಿ, ಮರುದಿನ ಎತ್ತಿಡುವುದು ನಮ್ಮಲ್ಲಿ ವಾಡಿಕೆ. ನಿಲ್ಲಿಸಿಯೇ ಬಿಟ್ಟರೆ ಏನಾಗುತ್ತದೆ ಎಂದು ಅಮ್ಮ ಎಂದೂ ಹೇಳಿರಲಿಲ್ಲ. ಹೇಳದ್ದರಿಂದಲೇ ನನಗೆ ಹೆಚ್ಚು ಭಯ.

ರಾಜನ ಹಳೆಯ ಅಂಗಿಗೆ ನುಸಿ ಹಿಡಿದಿತ್ತು. ಶಾಲೆಗೆ ಹೋಗುವ ರಾಜ ಹರಕು ಅಂಗಿಯಲ್ಲಿ ಹೋಗಬಾರದೆಂದು, ಹೊಸ ಕೆಂಪು ಬಟ್ಟೆ ತಂದು ನಾನೇ ಕೂತು ಕೋಟು ಹೊಲಿದೆ. ಮಗಳು ಅದನ್ನು ನೋಡಿ, ಮೆಚ್ಚಿಕೊಂಡ ಹಾಗೆ ಹುಬ್ಬೇರಿಸಿದಳು. ಆ ವಯಸ್ಸಿನವರಿಂದ ಅದಕ್ಕಿಂತ ಹೆಚ್ಚು ಕೇಳಬಾರದು.

ಬುಧವಾರ ಅರ್ಧ ದಿನ ರಜೆ ಹಾಕಿ ಹೋದೆ. ರಾಜ ರಾಣಿ ಕೆಳಗಿನ ಮೆಟ್ಟಿಲಿನ ತುದಿಯಲ್ಲಿ ನಿಂತಿದ್ದರು. ನೆಲದಿಂದ ಒಂದು ಗೇಣು ಎತ್ತರ. ಮೇಲಿನ ಮೆಟ್ಟಿಲು ಯಾಕೆ ಸಿಗಲಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಮಗಳು ಮುಂದೆ ಬಂದು, ಎರಡು ಕೈಗಳನ್ನು ಹಿಂದೆ ಕಟ್ಟಿ ಹೇಳಿದಳು: "ಇದು ನಮ್ಮ ಪಟ್ಟದ ಗೊಂಬೆ. ನಮ್ಮ ಅಜ್ಜಿ ನಮ್ಮ ಅಮ್ಮನಿಗೆ ಕಲ್ಯಾಣದಲ್ಲಿ ಕೊಟ್ಟಿದ್ದು. ಈ ಸೀರೆ ಅಜ್ಜಿ ಸೀರೆ. ಆಮೇಲೆ ಇದು ನನಗೆ ಬರುತ್ತೆ." ತಡವರಿಸಲಿಲ್ಲ. ನಾನು ಕೆಮ್ಮುವ ನೆಪ ಮಾಡಿಕೊಂಡು ಹೊರಗೆ ಹೋದೆ. ಪಟ್ಟಿಯ ಕೊನೆಯ ಸಾಲು ನಿಜವಾಗುವುದರಲ್ಲಿತ್ತು, ಸ್ವಲ್ಪದರಲ್ಲಿ ತಪ್ಪಿತು.

ಗುರುವಾರ ಮಧ್ಯಾಹ್ನ ಮಳೆ ಹಿಡಿಯಿತು. ಸಂಜೆ ಮಗಳು ಒದ್ದೆಯಾಗಿ ಬಂದಳು. ಶುಕ್ರವಾರ ಆಯುಧಪೂಜೆ, ತೊಳೆಯದೆಯೇ ತೊಳೆದುಕೊಂಡಿದ್ದ ಸ್ಕೂಟರಿಗೆ ಗಂಡ ಕೊಡೆಯ ಕೆಳಗೆ ಕುಂಕುಮ ಇಟ್ಟರು. ಮಳೆ ನಿಲ್ಲಲಿಲ್ಲ. ನಾನು ಹತ್ತು ನಿಮಿಷಕ್ಕೊಮ್ಮೆ ಕಿಟಕಿಗೆ ಹೋಗಿ ಬೀದಿಯ ನೀರು ಅಳೆಯುತ್ತಿದ್ದೆ. ಎದುರು ಮನೆಯ ಗೇಟಿನ ಎರಡನೆಯ ಪಟ್ಟಿ ನನ್ನ ಅಳತೆಗೋಲು.

"ಶಾಲೆಗೆ ನೀರು ಬಂದಿರತ್ತಾ?"

"ಒಣ್ಣುಂ ಆಗಾದು ಮಾ," ಅಂದಳು ಮಗಳು, ಏನೂ ಆಗುವುದಿಲ್ಲ ಎಂದು, ತಟ್ಟೆಯಿಂದ ತಲೆ ಎತ್ತದೆ. ತಲೆ ಎತ್ತಲಿಲ್ಲ ಎಂಬುದನ್ನು ನಾನು ಗಮನಿಸಬೇಕಾಗಿತ್ತು. ಕಿಟಕಿ ನೋಡುತ್ತಿದ್ದೆ.

ಶನಿವಾರ ವಿಜಯದಶಮಿ. ಮಧ್ಯಾಹ್ನ ಮೂರಕ್ಕೆ ಶಾಲೆಯಿಂದ ಸಂದೇಶ ಬಂತು. ಸೋಮವಾರವೂ ರಜೆ. ಸಭಾಂಗಣದೊಳಗೆ ಸ್ವಲ್ಪ ನೀರು ಬಂದಿದೆ, ಗಾಬರಿಪಡುವಂಥದ್ದೇನಿಲ್ಲ. ಬೊಂಬೆಗಳನ್ನು ಶಾಲೆ ತೆರೆದ ಮೇಲೆ ಒಯ್ಯಿರಿ.

ಗಾಬರಿಪಡುವಂಥದ್ದೇನಿಲ್ಲ ಎಂದು ಯಾರಾದರೂ ಬರೆದು ಕಳಿಸಿದರೆ ನಾನು ಗಾಬರಿಪಡಲು ಬೇರೆ ಕಾರಣ ಹುಡುಕುವುದಿಲ್ಲ. ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಂತ ಅಮ್ಮನ ಸೀರೆ ಕಣ್ಣಿಗೆ ಕಟ್ಟಿತು.

"ರೀ, ಏಳಿ. ಶಾಲೆಗೆ ಹೋಗೋಣ."

"ಈ ಮಳೇಲಿ? ರಜ ಕಣೇ ಇವತ್ತು."

"ಇವತ್ತೇ ಮಲಗಿಸ್ಬೇಕು. ನೀರು ಬೇರೆ ಬಂದಿದೆಯಂತೆ. ನೀವು ಬರ್ದಿದ್ರೆ ನಾನು ಆಟೋದಲ್ಲಿ ಹೋಗ್ತೀನಿ."

ಮಗಳು ಮೂರನೆಯ ಮಹಡಿಯ ಗೆಳತಿಯ ಮನೆಗೆ ತಾಂಬೂಲಕ್ಕೆ ಹೋಗಿದ್ದಳು. ಅವಳಿಗೆ ಹೇಳದೆಯೇ ಹೊರಟೆವು. ಸ್ಕೂಟರಿನ ಹಿಂದೆ ನಾನು, ಮಡಿಲಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಟವೆಲು. ಮೊಣಕಾಲುದ್ದದ ನೀರಿನಲ್ಲಿ ಸ್ಕೂಟರ್ ಒಮ್ಮೆ ಗೊರಗುಟ್ಟಿದಾಗ ಗಂಡ, "ಇದಕ್ಕೇ ನಿನ್ನೆ ಪೂಜೆ ಮಾಡಿದ್ದು," ಅಂದರು.

"ಲೀವು ಮಾ ಇಣ್ಣಿಕ್ಕು. ಯಾರುಂ ಇಲ್ಲೆ," ಅಂದ ವಾಚ್‌ಮನ್ ಗೇಟಿನ ಒಳಗಿನಿಂದಲೇ, ಇವತ್ತು ರಜೆ, ಯಾರೂ ಇಲ್ಲ ಎಂದು. ನನ್ನ ತಮಿಳು ಇಪ್ಪತ್ತು ವರ್ಷದ್ದು, ಆದರೆ ಗಾಬರಿಯಾದಾಗ ಅರ್ಧ ಮಂಡ್ಯದ ಕನ್ನಡವಾಗುತ್ತದೆ. ಗೊಂಬೆ, ಅಮ್ಮ, ನೀರು, ಮಲಗಿಸಬೇಕು ಎಂದು ಏನೇನೋ ಹೇಳಿದೆ. ಬೀಗದ ಕೈ ಇದ್ದ ಆಯಾ ವರಾಂಡದಿಂದ ಕೊಡೆ ಹಿಡಿದು ಬಂದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಬೊಮ್ಮೆ ದಾನೇ ಮಾ? ಕೊಳಂದೆ ಇಲ್ಲಿಯೇ?" ಬೊಂಬೆ ತಾನೇ, ಮಗುವಲ್ಲವಲ್ಲ?

"ಅವಳಿಗೆ ಎರಡೂ ಒಂದೇ," ಅಂದರು ಗಂಡ ಕನ್ನಡದಲ್ಲಿ. ಆಯಾಗೆ ಅರ್ಥವಾಯಿತೋ ಏನೋ, ನಕ್ಕು ಬಾಗಿಲು ತೆಗೆದರು.

ಕರೆಂಟ್ ಇರಲಿಲ್ಲ. ಮೊಬೈಲಿನ ಬೆಳಕಿನಲ್ಲಿ ನೋಡಿದೆ. ನೆಲದ ಮೇಲೆ ಪಾದ ಮುಳುಗುವಷ್ಟು ನೀರು, ಅದರಲ್ಲಿ ತೇಲುವ ಬಣ್ಣದ ಕಾಗದ. ಮೇಲಿನಿಂದಲೂ ಒಂದು ಕಡೆ ತೊಟ್ಟಿಕ್ಕುತ್ತಿತ್ತು. ದಶಾವತಾರ ಅಲ್ಲಾಡದೆ ನಿಂತಿತ್ತು. ಮೂರು ಜೊತೆ ಚೆಟ್ಟಿಯಾರ್ ದಂಪತಿಗಳೂ ಸುಖವಾಗಿದ್ದರು. ಕೆಳಗಿನ ಮೆಟ್ಟಿಲಿನ ತುದಿ ಖಾಲಿ. ತೊಟ್ಟಿಕ್ಕುತ್ತಿದ್ದದ್ದು ಸರಿಯಾಗಿ ಅಲ್ಲಿಗೇ.

ನೀರಿನೊಳಗೆ ಕೈ ಹಾಕಿ ಮೆಟ್ಟಿಲಿನ ಅಡಿ ತಡಕಿದೆ. ಸಿಕ್ಕಿದ್ದು ಒಂದು ಸುಂಡಲ್ ದೊನ್ನೆ. ಗಂಡನೂ ಪ್ಯಾಂಟು ಮಡಚಿ ತಡಕಿದರು. ಆಗ ಅವರು ಏನೂ ತಮಾಷೆ ಮಾಡಲಿಲ್ಲ. ಆಯಾ ತಾನು ಯಾವುದನ್ನೂ ಮುಟ್ಟಿಲ್ಲವೆಂದು ಆಣೆ ಇಟ್ಟರು. ಮಗಳಿಗೆ ಏನೆಂದು ಹೇಳುವುದು? ಅದಕ್ಕಿಂತ ಮೊದಲು, ತೀರಿಹೋದ ಅಮ್ಮನಿಗೆ ಏನೆಂದು ಹೇಳುವುದು?

ಗೆಳತಿಯ ಮನೆಗೆ ಫೋನ್ ಮಾಡಿ ಮಗಳನ್ನು ಕರೆಸಿದೆ. "ಗೊಂಬೆ ಇಲ್ಲ ಕಣೇ. ನಾವು ಶಾಲೇಲಿದೀವಿ. ಗೊಂಬೆ ಎಲ್ಲೂ ಇಲ್ಲ."

ಆ ಕಡೆಯಿಂದ ಸಣ್ಣ ದನಿ ಬಂತು. ತಮಿಳಿನಲ್ಲಿ ಅವಳು ಹೇಳಿದ್ದು ಇಷ್ಟು: ಗುರುವಾರ ಮಧ್ಯಾಹ್ನವೇ ಸೂರು ಸೋರಿ ರಾಜನ ಮೇಲೆ ನೀರು ಬಿತ್ತು. ಸೋಮವಾರದವರೆಗೆ ಯಾರೂ ಬರುವುದಿಲ್ಲವೆಂದು ಅವಳೇ ಇಬ್ಬರನ್ನೂ ಎತ್ತಿಕೊಂಡು ಮೇಲಿನ ಮಹಡಿಗೆ ಹೋಗಿ, ತರಗತಿಯ ಕಪಾಟಿನಲ್ಲಿ ತನ್ನ ಖಾನೆಯಲ್ಲಿ ಮಲಗಿಸಿದ್ದಾಳೆ. ಸೊಂಟದಲ್ಲೇ ಹಿಡಿದುಕೊಂಡಳಂತೆ.

"ಹೇಳ್ಬಾರ್ದಾ? ಎರಡು ದಿನದಿಂದ ನಾನು ಕಿಟಕಿ ಕಾಯ್ತಿದೀನಲ್ಲೇ!"

"ನೀ ದಾನೇ ತೊಡಕ್ಕೂಡಾದುನ್ನು ಎಳುದಿ ಕುಡುತ್ತೆ. ನಾಲಾವದು ಪಾಯಿಂಟ್."

ಮುಟ್ಟಬಾರದೆಂದು ನೀನೇ ತಾನೆ ಬರೆದುಕೊಟ್ಟದ್ದು, ನಾಲ್ಕನೆಯ ಪಾಯಿಂಟ್. ಎರಡು ಗೆರೆ ಎಳೆದು.

ಮೆಟ್ಟಿಲು ಹತ್ತಿದೆ. ಆಯಾ ಕಪಾಟು ತೆಗೆದರು. ಕತ್ತಲೆಯಲ್ಲಿ ಬೆಳ್ಳಗೆ ಏನೋ ಸುತ್ತಿಕೊಂಡು ಇಬ್ಬರೂ ಮಲಗಿದ್ದರು, ರಾಣಿ ರಾಜನ ಎಡಕ್ಕೆ. ಮೊದಲು ಸೀರೆ ಮುಟ್ಟಿ ನೋಡಿದೆ. ಒಣಗಿತ್ತು. ರಾಣಿಯ ಬಲಗೈ ಅದರ ಜಾಗದಲ್ಲಿತ್ತು, ರಾಜನ ಮೂಗೂ. ಇಬ್ಬರನ್ನೂ ನನ್ನ ಟವೆಲಿಗೆ ಬದಲಿಸಿ, ಸುತ್ತಿದ್ದ ಬಿಳಿ ಬಟ್ಟೆಯನ್ನು ಮಡಚಿ ಅವಳ ಖಾನೆಗೇ ವಾಪಸ್ ಇಟ್ಟೆ.

ವರಾಂಡದಲ್ಲಿ ನನಗೆ ಹೊಸ ಯೋಚನೆ ಹತ್ತಿತು. "ರೀ, ಎರಡು ದಿನ ಮುಂಚೇನೇ ಮಲಗಿಸ್ಬಿಟ್ಟಿದಾಳಲ್ಲ. ದೋಷ ಏನಾದ್ರೂ..."

"ಎರಡು ದಿನ ಜಾಸ್ತಿ ನಿದ್ದೆ ಆಯ್ತು, ಅಷ್ಟೇ. ನಮ್ಮನೇಲಿ ಅವರಿಗಾದ್ರೂ ನಿದ್ದೆ ಬರ್ಲಿ ಬಿಡು."

ಮನೆಯಲ್ಲಿ ಮಗಳು ಬಾಗಿಲಲ್ಲೇ ನಿಂತಿದ್ದಳು. ಗೊಂಬೆಗಳನ್ನು ಅವಳ ಕೈಗೇ ಕೊಟ್ಟೆ. ಸೊಂಟದಲ್ಲಿ ಹಿಡಿದುಕೊಂಡಳು. ನಾನು ನನ್ನ ಪಟ್ಟಿಯನ್ನು ತೆಗೆದು ಒಂದೊಂದೇ ಸಾಲು ಹೊಡೆದುಹಾಕಿದೆ. ಇಲಿ ಇಲ್ಲ, ಗೆದ್ದಲಿಲ್ಲ, ಕಳ್ಳರಿಲ್ಲ. ಆ ವರ್ಷ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದೆ.

ಮಂಗಳವಾರ ಶಾಲೆ ತೆರೆಯಿತು. ಸಂಜೆ ಮಗಳು ಬ್ಯಾಗನ್ನು ಪೂರ್ತಿ ಬಿಚ್ಚದೆ ಡೈರಿಯೊಂದನ್ನು ಮಾತ್ರ ತೆಗೆದು ಮೇಜಿನ ಮೇಲಿಟ್ಟು, ಅಪ್ಪನ ಹಿಂದೆ ಹೋಗಿ ನಿಂತಳು. ಟೀಚರು ಕೆಂಪು ಶಾಯಿಯಲ್ಲಿ ಬರೆದಿದ್ದರು: ಪಿ.ಟಿ. ಟೀ ಶರ್ಟ್ ಬಿಳಿಯಾಗಿಲ್ಲ. ಸೂಚನೆ ಆರನ್ನು ದಯವಿಟ್ಟು ಓದಿರಿ. ಕೆಳಗೆ ಪೋಷಕರ ಸಹಿಗೆ ಒಂದು ಗೆರೆ.

ಬ್ಯಾಗಿನಿಂದ ಟೀ ಶರ್ಟನ್ನು ತೆಗೆದು, ಬಿಡಿಸಿ ಬೆಳಕಿಗೆ ಹಿಡಿದೆ. ನಾನು ನೀಲಿ ಹಾಕಿ ಒಗೆದಿದ್ದ ಬೆನ್ನಿನ ಮೇಲೆ, ಬಣ್ಣ ಬಿಡುತ್ತದೆಯೇ ಎಂದು ಒಂದು ಸಲವೂ ನೀರಿಗೆ ಹಾಕಿ ನೋಡದೆ ನಾನೇ ಹೊಲಿದ ಕೋಟು ಕೆಂಪಗೆ ಅಚ್ಚೊತ್ತಿತ್ತು, ಎಡತೋಳಿನ ಸಮೇತ.